ಬಲಗಡೆಯಿಂದ ಓದಿದ ಚುಕ್ಕೆಗಳು

ಪರೀಕ್ಷೆಯ ಹಾಳೆ ಕೈಗೆ ಬಂದಾಗ ಅದರ ತುಂಬ ಕೆಂಪು ಗೀಟುಗಳಿದ್ದವು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ನನ್ನ ಸ್ವಭಾವವೇ ಹಾಗೆ. ಏನೇ ಆದರೂ ಮೊದಲು ಸಿಟ್ಟು ಬರುತ್ತದೆ, ನಾಚಿಕೆ, ಅಳು, ಬುದ್ಧಿ ಎಲ್ಲ ಅದರ ಹಿಂದೆ ಸಾಲಿನಲ್ಲಿ ನಿಂತು ತಮ್ಮ ಪಾಳಿಗೆ ಕಾಯುತ್ತವೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಟಿಫಿನ್ ಡಬ್ಬಿಯ ಕೆಳಗೆ ತುರುಕಿ, ಯಾರೊಂದಿಗೂ ಮಾತಾಡದೆ ಬೆಲ್ಟಿನ ಮುಂದೆ ಹೋಗಿ ನಿಂತೆ.

ಹೈದರಾಬಾದಿನ ಜೀಡಿಮೆಟ್ಲಾದ ಒಂದು ಮಾತ್ರೆ ಫ್ಯಾಕ್ಟರಿಯ ಪ್ಯಾಕಿಂಗ್ ಹಾಲಿನಲ್ಲಿ ನಾನು ಹಾಗೆ ನಿಲ್ಲಲು ಶುರುಮಾಡಿ ವರ್ಷಗಳೇ ಆಗಿದ್ದವು. ಮಾತ್ರೆ ತುಂಬಿದ ಪಟ್ಟಿಗಳು ಬೆಲ್ಟಿನ ಮೇಲೆ ಹರಿದು ಬರುತ್ತವೆ. ಯಾವ ಗುಳಿ ಖಾಲಿ, ಯಾವುದರಲ್ಲಿ ಮಾತ್ರೆ ಮುರಿದಿದೆ ಎಂದು ನೋಡಿ, ಆ ಪಟ್ಟಿಯನ್ನು ಎತ್ತಿ ಪಕ್ಕದ ಬುಟ್ಟಿಗೆ ಹಾಕಬೇಕು. ಈ ಕೆಲಸಕ್ಕೆ ಕಣ್ಣು ಬೇಕು, ಬಾಯಿ ಬೇಡ. ದಿನವಿಡೀ ನೋಡುತ್ತಿದ್ದೆ, ಆದರೆ ನೀನು ಏನು ಕಂಡೆ ಎಂದು ಅಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಗಾಜಿನ ಗೋಡೆಯ ಆಚೆ, ಮಾತ್ರೆ ಒತ್ತುವ ಯಂತ್ರದ ಪಕ್ಕದಲ್ಲಿ, ಒಂದು ತಪಾಸಣೆ ಮೇಜಿತ್ತು. ಅಲ್ಲಿ ಕೂತವರು ಆಗಾಗ ಒಂದು ಹಿಡಿ ಮಾತ್ರೆ ತೆಗೆದು ತೂಗುತ್ತಾರೆ, ಎಷ್ಟು ಗಟ್ಟಿಯಿದೆ ನೋಡುತ್ತಾರೆ, ನೀರಿನಲ್ಲಿ ಎಷ್ಟು ಬೇಗ ಒಡೆಯುತ್ತದೆ ನೋಡುತ್ತಾರೆ, ಕಂಡದ್ದನ್ನು ಚುಕ್ಕೆ ಇಟ್ಟು ಗುರುತಿಸುತ್ತಾರೆ. ಆಮೇಲೆ ಯಂತ್ರದವರಿಗೆ ಹೇಳುತ್ತಾರೆ. ಆ ಹೇಳುವ ಕೆಲಸದ ಮೇಲೆ ನನಗೆ ಆಸೆ. ಪ್ಯಾಕಿಂಗ್ ಹಾಲಿನ ಹೆಂಗಸರಿಗೂ ಈ ಸಲ ಅವಕಾಶ ಕೊಡುತ್ತೇವೆ, ತರಬೇತಿ ಪಡೆದು ಪರೀಕ್ಷೆ ಪಾಸಾದವರಿಗೆ ಆ ಮೇಜು ಎಂದು ಸೂಚನೆ ಹಾಕಿದಾಗ ಮೊದಲು ಹೆಸರು ಕೊಟ್ಟವಳು ನಾನೇ. ಕೊಟ್ಟು ಸುಮ್ಮನಿದ್ದೆನೇ? ಇಲ್ಲ. ಕ್ಯಾಂಟೀನಿನಲ್ಲಿ ಎಲ್ಲರ ಎದುರು, "ಆ ಮೇಜು ನಂದs ಅಂತ ತಿಳ್ಕೊಳ್ರಿ" ಎಂದು ಡಂಗುರ ಹೊಡೆದಿದ್ದೆ.

ತರಬೇತಿ ಕೊಟ್ಟವರು ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರಾದ ಒಬ್ಬ ತೆಲುಗು ಮೇಡಂ. ಒಳ್ಳೆಯ ಹುಡುಗಿ, ಗದರುತ್ತಿರಲಿಲ್ಲ, ಕೇಳಿದ್ದನ್ನು ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು. ಚುಕ್ಕೆ ಚಿತ್ರದ ಪಾಠಕ್ಕೆ ಅವರು ಆರಿಸಿಕೊಂಡದ್ದು ನಮ್ಮ ಕ್ಯಾಂಟೀನನ್ನೇ. ಕೆಳಗೆ ಅಡ್ಡಗೆರೆ, ಅದರ ಮೇಲೆ ಬಿಸಿಲು. ಪಕ್ಕದಲ್ಲಿ ಉದ್ದಗೆರೆ, ಅದರ ಮೇಲೆ ಅಂದು ಖರ್ಚಾದ ಮಜ್ಜಿಗೆ. ಒಂದೊಂದು ದಿನಕ್ಕೆ ಒಂದೊಂದು ಚುಕ್ಕೆ. ಬಿಸಿಲು ಹೆಚ್ಚಾದಂತೆ ಮಜ್ಜಿಗೆಯೂ ಹೆಚ್ಚು. ಇಬ್ಬರೂ ಕೂಡಿ ಏರುತ್ತಾರೆ, ಕೂಡಿ ಇಳಿಯುತ್ತಾರೆ. ಇದು ಪಾಸಿಟಿವ್. ಮಜ್ಜಿಗೆಯ ಜಾಗದಲ್ಲಿ ಚಹಾ ಇಟ್ಟರೆ ಬಿಸಿಲು ಏರಿದಷ್ಟೂ ಚಹಾ ಇಳಿಯುತ್ತದೆ. ಒಬ್ಬರು ಮೇಲಾದರೆ ಇನ್ನೊಬ್ಬರು ಕೆಳಗೆ. ಇದು ನೆಗೆಟಿವ್. ಬಿಸಿಲಿಗೂ ಮುರಿದ ಲೋಟಗಳಿಗೂ ಚುಕ್ಕೆ ಹಾಕಿದರೆ ಹಾಳೆಯ ತುಂಬ ಚೆಲ್ಲಾಪಿಲ್ಲಿ, ಸಂಬಂಧವೇ ಇಲ್ಲ.

ಮೇಡಂ ಇದಕ್ಕೊಂದು ಸುಲಭದ ಸೂತ್ರ ಕೊಟ್ಟಿದ್ದರು. "ಎಕ್ಕಿತೇ ಪ್ಲಸ್, ದಿಗಿತೇ ಮೈನಸ್." ಚುಕ್ಕೆಗಳ ಸಾಲು ಏರಿದರೆ ಪಾಸಿಟಿವ್, ಇಳಿದರೆ ನೆಗೆಟಿವ್. ಎಲ್ಲರೂ ಒಟ್ಟಿಗೆ ಹೇಳಿದೆವು. ನನ್ನ ದನಿಯೇ ಎಲ್ಲರಿಗಿಂತ ಜೋರು.

ತರಗತಿಯಲ್ಲಿ ನನ್ನ ಒಂದು ಉತ್ತರವೂ ತಪ್ಪಲಿಲ್ಲ. ಬಿಸಿಲು, ಮಜ್ಜಿಗೆ ಎಂದು ಗೆರೆಗಳ ಮೇಲೆ ಬರೆದಿದ್ದರೆ ಚುಕ್ಕೆಗಳನ್ನು ನೋಡುವ ಅಗತ್ಯ ಯಾರಿಗಿದೆ? ಹೈದರಾಬಾದಿನ ಮೇ ತಿಂಗಳು ಕಂಡವರಿಗೆಲ್ಲ ಉತ್ತರ ಗೊತ್ತು. ನಾನು ಬದುಕಿನಿಂದ ಉತ್ತರ ಕೊಡುತ್ತಿದ್ದೆ, ಕಣ್ಣಿನಿಂದಲ್ಲ. ಅದು ನನಗೂ ತಿಳಿಯಲಿಲ್ಲ, ಮೇಡಂಗೂ ತಿಳಿಯಲಿಲ್ಲ.

ಪರೀಕ್ಷೆಯಲ್ಲಿ ಗೆರೆಗಳ ಮೇಲೆ ಹೆಸರೇ ಇರಲಿಲ್ಲ. ಒಂದು ಗೆರೆ ಎಕ್ಸ್, ಇನ್ನೊಂದು ವೈ. ಬರೀ ಚುಕ್ಕೆ. ಪಾಸಿಟಿವೋ, ನೆಗೆಟಿವೋ, ಏನೂ ಇಲ್ಲವೋ ಬರೆಯಬೇಕು. ನಾನು ಎಲ್ಲರಿಗಿಂತ ಮೊದಲೇ ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಉಳಿದವರು ಹಣೆ ಉಜ್ಜಿಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಆ ಕೂತ ಠೀವಿಯನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಅಂದು ಸಂಜೆ ಬಾಲಾನಗರದ ಬಸ್ ಸ್ಟಾಪಿನಲ್ಲಿ ನನ್ನ ಗೆಳತಿ ಹಾಳೆಯನ್ನು ಡಬ್ಬಿಯ ಕೆಳಗಿನಿಂದ ಎಳೆದೇಬಿಟ್ಟಳು. ಅವಳು ಸೇಡಂ ಕಡೆಯವಳು, ಬೆಲ್ಟಿನಲ್ಲಿ ನನ್ನ ಪಕ್ಕದಲ್ಲೇ ನಿಲ್ಲುವವಳು. ಪರೀಕ್ಷೆಗೆ ಹೆಸರು ಕೊಡು ಎಂದು ಎಷ್ಟು ಹೇಳಿದರೂ, "ಆ ಗಾಜಿನ ಪೆಟ್ಟಿಗ್ಯಾಗ ಹೋಗಿ ನಾ ಏನ್ ಮಾಡ್ಲೆವ್ವಾ, ನನಗ ಇಲ್ಲೇ ಆರಾಮ ಐತಿ" ಎಂದು ನಕ್ಕಿದ್ದಳು. ಆದರೆ ದಿನಾ ಬಸ್ಸಿನಲ್ಲಿ ನನ್ನ ಪಾಠ ಕೇಳಿ ಕೇಳಿ ಅವಳಿಗೂ ಸೂತ್ರ ಬಾಯಿಪಾಠವಾಗಿತ್ತು.

ಮೊದಲ ಚಿತ್ರದ ಮೇಲೆ ಬೆರಳಿಟ್ಟು, "ಇದಕ್ಕ ನೆಗೆಟಿವ್ ಅಂತ ಯಾಕ ಬರದಿ? ಏರಾಕತ್ತಾವ ನೋಡು" ಅಂದಳು.

"ಎಲ್ಲಿ ಏರಾಕತ್ತಾವ? ಇಳ್ಯಾಕತ್ತಾವ."

"ಏ, ಕಣ್ಣಾಗ ಏನ್ ಬಿದ್ದೈತಿ ನಿನಗ? ಇಲ್ಲಿಂದ ಹಿಂಗ ಮ್ಯಾಲ ಹೊಂಟಾವ."

"ಹೆಂಗ ಮ್ಯಾಲ ಹೋಗ್ತಾವ? ಇಲ್ಲಿಂದ ಹಿಂಗ ಕೆಳಗ ಬಂದಾವ!"

ಇಬ್ಬರೂ ದನಿ ಏರಿಸಿದೆವು. ಪಕ್ಕದಲ್ಲಿ ನಿಂತವರು ಆಸ್ತಿ ಜಗಳವೆಂದುಕೊಂಡು ಸ್ವಲ್ಪ ಸರಿದು ನಿಂತರು. ಬಸ್ಸು ಬಂತು, ಹೋಯಿತು. ಆಗ ಅವಳು ನನ್ನ ಕೈ ಹಿಡಿದು, "ತಡಿ ತಡಿ. ನಿನ್ನ ಬಟ್ಟು ಎಲ್ಲಿಂದ ಚಾಲೂ ಮಾಡ್ತಿ ತೋರ್ಸು" ಅಂದಳು. ತೋರಿಸಿದೆ. ನನ್ನ ಬೆರಳು ಹಾಳೆಯ ಬಲತುದಿಯಲ್ಲಿತ್ತು. ಅವಳ ಬೆರಳು ಎಡತುದಿಯಲ್ಲಿತ್ತು. ಒಂದೇ ಚುಕ್ಕೆಗಳ ಸಾಲು, ಅವಳು ಬಂದ ಕಡೆಯಿಂದ ಏರು, ನಾನು ಬಂದ ಕಡೆಯಿಂದ ಇಳಿಜಾರು.

ಉರ್ದು ಶಾಲೆ! ನನಗೆ ಒಮ್ಮೆಗೇ ಹೊಳೆಯಿತು. ನಮ್ಮಪ್ಪ ಹುಮನಾಬಾದ್ ಕಡೆಯಿಂದ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಬಂದವನು. ನಮ್ಮ ಬಸ್ತಿಯ ಹತ್ತಿರ ಇದ್ದದ್ದು ಒಂದೇ ಶಾಲೆ, ಉರ್ದು ಶಾಲೆ. ಅದರ ಕಾಂಪೌಂಡು ಗೋಡೆ ಕಟ್ಟಿದ ಗುಂಪಿನಲ್ಲಿ ಅಪ್ಪನೂ ಇದ್ದ. "ಗ್ವಾಡಿ ಭಾಳ ಗಟ್ಟಿ ಐತಿ, ಸಾಲಿನೂ ಗಟ್ಟಿ ಇರ್ತೈತಿ" ಎಂದು ನನ್ನನ್ನು ಅಲ್ಲಿಗೇ ಹಾಕಿದ. ಹಗಲು ಅಲಿಫ್, ಬೇ ಬಲದಿಂದ ಎಡಕ್ಕೆ. ಸಂಜೆ ಅವ್ವ ಟ್ರಂಕಿನ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಕನ್ನಡ ಅಕ್ಷರ ತೀಡಿಸುತ್ತಿದ್ದಳು, ಎಡದಿಂದ ಬಲಕ್ಕೆ. ಎರಡೂ ಬಂದವು, ಎರಡೂ ಜಗಳವಾಡಲಿಲ್ಲ. ಅಕ್ಷರ ಕಂಡರೆ ಅದು ಯಾವ ಕಡೆಯಿಂದ ಹೊರಡುತ್ತದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಚುಕ್ಕೆಗಳ ಸಾಲಿನಲ್ಲಿ ಅಕ್ಷರವಿಲ್ಲವಲ್ಲ. ಶಾಲೆಯ ಪುಸ್ತಕದಲ್ಲಿ ಬಲಗಡೆ ಬೀಜ, ನಡುವೆ ಮೊಳಕೆ, ಎಡಗಡೆ ಗಿಡ ಇರುತ್ತಿತ್ತು. ಚಿತ್ರ ನೋಡುವುದನ್ನು ನಾನು ಕಲಿತದ್ದು ಅಲ್ಲಿ. ಇಷ್ಟು ವರ್ಷವಾದರೂ ಬರೀ ಚಿತ್ರ ಎದುರಾದರೆ ನನ್ನ ಕಣ್ಣು ಬಲಬಾಗಿಲಿನಿಂದಲೇ ಒಳಗೆ ಹೋಗುತ್ತದೆ.

ಬಸ್ಸಿನಲ್ಲಿ ಕೂತು ಹಾಳೆಯನ್ನು ಮತ್ತೆ ನೋಡಿದೆ. ನಾನು ಪಾಸಿಟಿವ್ ಎಂದದ್ದೆಲ್ಲ ನೆಗೆಟಿವ್, ನೆಗೆಟಿವ್ ಎಂದದ್ದೆಲ್ಲ ಪಾಸಿಟಿವ್. ಸಂಬಂಧವೇ ಇಲ್ಲದ ಚೆಲ್ಲಾಪಿಲ್ಲಿ ಚಿತ್ರಗಳು ಮಾತ್ರ ಸರಿ, ಯಾಕೆಂದರೆ ಅವು ಯಾವ ಕಡೆಯಿಂದ ನೋಡಿದರೂ ಚೆಲ್ಲಾಪಿಲ್ಲಿಯೇ. ನನಗೆ ಖುಷಿಯಾಯಿತು. ಏನೂ ಗೊತ್ತಿಲ್ಲದವಳು ಕಣ್ಣು ಮುಚ್ಚಿ ಬರೆದಿದ್ದರೂ ಒಂದಿಷ್ಟು ಸರಿ ಬರುತ್ತಿದ್ದವು. ಇಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದರೆ ಚೆನ್ನಾಗಿ ಗೊತ್ತಿರಬೇಕು! ನನ್ನ ಉತ್ತರಗಳಿಗೂ ಸರಿಯುತ್ತರಗಳಿಗೂ ಒಂದು ಚುಕ್ಕೆ ಚಿತ್ರ ಬರೆದರೆ ಅದಕ್ಕಿಂತ ಚೆಂದದ ನೆಗೆಟಿವ್ ಊರಲ್ಲೆಲ್ಲ ಸಿಗಲಾರದು.

ಮರುದಿನ ಇದನ್ನೇ ಕ್ವಾಲಿಟಿ ಸಾಹೇಬರ ಕ್ಯಾಬಿನ್ನಿನಲ್ಲಿ ಹೇಳಿದೆ. ತಪಾಸಣೆ ವಿಭಾಗವೆಲ್ಲ ಅವರ ಕೈಕೆಳಗೆ. ಕಡಿಮೆ ಮಾತಿನ, ನರೆತ ಮೀಸೆಯ ಮನುಷ್ಯ. ತರಬೇತಿಯ ಮೇಡಂ ಕೂಡ ಅಲ್ಲಿದ್ದರು. ನನ್ನ ಹಿಂದಿಯಲ್ಲಿ ಉರ್ದು, ತೆಲುಗು ಎಲ್ಲ ಕಲಸಿ, ಉರ್ದು ಶಾಲೆಯಿಂದ ಹಿಡಿದು ಬಸ್ ಸ್ಟಾಪಿನವರೆಗೆ ಒಂದೇ ಉಸಿರಿಗೆ ಒದರಿದೆ. ಮೇಡಂ ಮುಖ ಅರಳಿತು. ಹಾಳೆಯನ್ನು ಇಸಿದುಕೊಂಡು ಒಂದೊಂದೇ ಉತ್ತರ ನೋಡಿ, "ನಿಜ ಸರ್, ಒಂದೂ ಬಿಡದ ಹಾಗೆ ತಿರುಗಿವೆ" ಎಂದು ನನ್ನ ಪರವಾಗಿಯೇ ಹೇಳಿದರು.

ಸಾಹೇಬರು ನಗಲಿಲ್ಲ. "ಗಲತ್ ತೋ ಗಲತ್ ಹೈ, ಅಮ್ಮಾ" ಅಂದರು. ತಪ್ಪು ಅಂದರೆ ತಪ್ಪೇ. ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. ಏನೂ ಗೊತ್ತಿಲ್ಲದವರು ಆ ಮೇಜಿನಲ್ಲಿ ಕೂತರೆ ತಡವರಿಸುತ್ತಾರೆ, ಇನ್ನೊಬ್ಬರನ್ನು ಕೇಳುತ್ತಾರೆ, ಅಷ್ಟರಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ನೀನು ತಡವರಿಸುವುದಿಲ್ಲ. ನೀನು ಧೈರ್ಯವಾಗಿ ತಿರುಗುಮುರುಗಾಗಿ ಹೇಳುತ್ತೀ, ಎಲ್ಲರೂ ನಂಬುತ್ತಾರೆ. ಒತ್ತಡ ಹೆಚ್ಚಾದಂತೆ ಮಾತ್ರೆ ಕರಗುವುದು ತಡವಾಗುತ್ತಿದೆ ಎಂದು ಚುಕ್ಕೆ ಹೇಳುತ್ತಿರುವಾಗ, ನೀನು ಬೇಗ ಕರಗುತ್ತಿದೆ ಎಂದು ಓದಿದರೆ ಯಂತ್ರದವನು ಒತ್ತಡ ಇನ್ನೂ ಏರಿಸುತ್ತಾನೆ. ಆ ಮಾತ್ರೆ ರೋಗಿಯ ಹೊಟ್ಟೆಗೆ ಹೋಗಿ ಹೋದ ಹಾಗೆಯೇ ಹೊರಗೆ ಬರುತ್ತದೆ. ನೀನು ಉರ್ದು ಓದಿದ್ದೀ ಎಂದು ಆ ರೋಗಿಗೆ ಯಾರು ತಿಳಿಸಬೇಕು?

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಅಷ್ಟು ಉರಿಯಿತು. ಬಾಗಿಲ ಹತ್ತಿರ ಹೋದವಳು ನಿಂತು, ಇನ್ನೊಂದು ಸಲ ಪರೀಕ್ಷೆ ಕೊಡಿ ಎಂದು ಕೇಳಿದೆ. ಬೇಡಿಕೊಳ್ಳುವ ದನಿಯಲ್ಲಿ ಕೇಳಲು ಪ್ರಯತ್ನಿಸಿದೆ, ಅದು ಜಗಳದ ದನಿಯಲ್ಲೇ ಬಂತು. ಸಾಹೇಬರು, ಬರುವ ಸೋಮವಾರ ನಾನೇ ಕೂರಿಸಿ ಕೇಳುತ್ತೇನೆ, ಒಂದು ಚಿತ್ರ ತಿರುಗಿದರೂ ಹೊರಗಿನವರನ್ನು ತೆಗೆದುಕೊಳ್ಳುತ್ತೇವೆ, ಪ್ಯಾಕಿಂಗ್ ಹಾಲಿನವರನ್ನು ಮತ್ತೆ ಕರೆಯುವುದಿಲ್ಲ ಎಂದರು. ಪರೀಕ್ಷೆ ಬರೆದ ಉಳಿದವರು ಯಾರೂ ಪಾಸಾಗಿರಲಿಲ್ಲ. ಅಂದರೆ ನಾನು ಮತ್ತೆ ತಪ್ಪಿದರೆ ನನ್ನೊಬ್ಬಳ ಬಾಗಿಲಲ್ಲ, ಎಲ್ಲರ ಬಾಗಿಲೂ ಮುಚ್ಚುತ್ತದೆ.

ಹಾಲಿನಲ್ಲಿ ಆಗಲೇ ಸುದ್ದಿ ಹಬ್ಬಿ ನನಗೆ 'ಉಲ್ಟಾ' ಎಂದು ಹೆಸರು ಬಿದ್ದಿತ್ತು. ನೀರು ಕುಡಿಯಲು ಹೋದರೆ, "ಉಲ್ಟಾ, ಲೋಟ ಸೀದಾ ಹಿಡಿ" ಎಂದು ನಗೆ. ನಾನೂ ನಕ್ಕೆ. ಒಳಗೊಳಗೆ ಹಲ್ಲು ಕಡಿಯುತ್ತಿದ್ದೆ.

ಮೇಡಂ ಊಟದ ಬಿಡುವಿನಲ್ಲಿ ಹೇಳಿಕೊಡಲು ತಾವಾಗಿಯೇ ಬಂದರು. ಪ್ರತಿ ಹಾಳೆಯ ಎಡತುದಿಯಲ್ಲಿ ಒಂದು ಬಾಣದ ಗುರುತು ಹಾಕಿಕೊಂಡು ಅಲ್ಲಿಂದಲೇ ಶುರು ಮಾಡಿ ಎಂದರು. ಸಮಾಧಾನವಾಗಿ ನೋಡಿದರೆ ಎಲ್ಲ ಸರಿ ಬರುತ್ತಿತ್ತು. ಅವರು ಹಾಳೆಗಳನ್ನು ಬೇಗ ಬೇಗ ಮಗುಚಿದರೆ ಕಣ್ಣು ಮತ್ತೆ ಬಲಕ್ಕೆ ಓಡುತ್ತಿತ್ತು. ಬೆಲ್ಟಿನ ಮುಂದೆ ನಿಂತಾಗ ಗಮನಿಸಿದೆ, ಮಾತ್ರೆ ಪಟ್ಟಿಯನ್ನೂ ನಾನು ಬಲಗಡೆಯ ಗುಳಿಯಿಂದಲೇ ನೋಡುತ್ತೇನೆ. ಇಷ್ಟು ವರ್ಷದ ಅಭ್ಯಾಸ ಒಂದು ಬಾಣಕ್ಕೆ ಹೆದರುತ್ತದೆಯೇ? ಅವಸರವಿಲ್ಲದ ಯಂತ್ರ ಜಗತ್ತಿನಲ್ಲಿಲ್ಲ. ಅವಸರದಲ್ಲಿ ಕೈಕೊಡುವ ಉಪಾಯ ನನಗೆ ಬೇಡವೇ ಬೇಡ ಎಂದು ನಿರ್ಧರಿಸಿದೆ. ಏರು ಇಳಿವಿನ ಸೂತ್ರವನ್ನೇ ಬಿಡಬೇಕು. ಅದರ ಬದಲು ಏನು ಹಿಡಿಯಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಭಾನುವಾರ ಅಬಿಡ್ಸ್‌ನ ಫುಟ್‌ಪಾತಿಗೆ ಹೋದೆ. ಹಳೆಯ ಪುಸ್ತಕಗಳ ರಾಶಿಯಲ್ಲಿ ಕೈಯಾಡಿಸಿ, ಚುಕ್ಕೆ ಚಿತ್ರಗಳಿದ್ದ ಒಂದು ಕಾಲೇಜು ಪುಸ್ತಕವನ್ನು ಆರಿಸಿಕೊಂಡು ಬಂದೆ. ಮಾರುವವನು, "ಮಗಳಿಗೆ ಬೇಕಾ?" ಎಂದು ಹಿಂದಿಯಲ್ಲಿ ಕೇಳಿದ. ನನಗೇ ಬೇಕು ಎಂದು ಗದರಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಮನೆಯಲ್ಲಿ ನೆಲದ ಮೇಲೆ ಪುಸ್ತಕವನ್ನೂ ಮೇಡಂ ಕೊಟ್ಟ ಹಾಳೆಗಳನ್ನೂ ಹರಡಿಕೊಂಡು ಕೂತೆ. ಅವ್ವ ಮಂಚದ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಅವಳಿಗೆ ನಾನು ಮಾತಿಲ್ಲದೆ ಕೂತರೆ ಬೇಸರ.

"ಏನs ಇದು, ಸಾಸಿವಿ ಚೆಲ್ಲಿದಂಗ?"

"ಬಿಸಲು, ಮಜ್ಜಿಗಿ" ಅಂದೆ, ತಲೆ ಎತ್ತದೆ.

"ಎಲ್ಲೈತಿ ಮಜ್ಜಿಗಿ? ಬರೇ ಚುಕ್ಕಿ ಅದಾವ."

ರೇಗಿತು. "ಅವ್ವಾ, ಒಂದೊಂದು ಚುಕ್ಕಿ ಅಂದ್ರ ಒಂದೊಂದು ದಿನಾ. ಈ ಚುಕ್ಕಿ ಐತಲ್ಲ, ಅವತ್ತ ಬಿಸಲೂ ಕಮ್ಮಿ, ಮಜ್ಜಿಗಿನೂ ಕಮ್ಮಿ. ಅದಕ್ಕ ಈ ಮೂಲ್ಯಾಗ ಕುಂತೈತಿ. ಆ ಚುಕ್ಕಿ ನೋಡು, ಅವತ್ತ ಬಿಸಲೂ ಭಾಳ, ಮಜ್ಜಿಗಿನೂ ಭಾಳ. ಅದಕ್ಕ ಆ ಮೂಲ್ಯಾಗ ಕುಂತೈತಿ. ತಿಳೀತ?"

"ಹೂಂ" ಅಂದಳು ಅವ್ವ, ತಿಳಿಯಲಿಲ್ಲ ಎನ್ನುವ ದನಿಯಲ್ಲಿ, ಮತ್ತೆ ಸೊಪ್ಪಿಗೆ ಕೈ ಹಾಕಿದಳು. ತಿಳಿದದ್ದು ನನಗೆ. ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೇ ಬಿತ್ತು. ಕುಂತೈತಿ ಅಂದಿದ್ದೆ, ಹೊಂಟೈತಿ ಅಂದಿರಲಿಲ್ಲ.

ಚುಕ್ಕೆಗಳು ನಡೆಯುತ್ತಿಲ್ಲ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಡೆಯುತ್ತಿದ್ದದ್ದು ನನ್ನ ಕಣ್ಣು. ಚುಕ್ಕೆಗಳು ಮದುವೆ ಮಂಟಪದಲ್ಲಿ ಕೂತ ಜನರ ಹಾಗೆ ತಮ್ಮ ತಮ್ಮ ಜಾಗದಲ್ಲಿ ಕೂತಿವೆ. ನಾನು ಯಾವ ಬಾಗಿಲಿನಿಂದ ಒಳಗೆ ಬಂದರೂ ಅವು ಜಾಗ ಬದಲಿಸುವುದಿಲ್ಲ. ಹಾಗಿದ್ದ ಮೇಲೆ ದಾರಿ ಕೇಳುವುದೇಕೆ? ಯಾರು ಎಲ್ಲಿ ಕೂತಿದ್ದಾರೆ, ಯಾವ ಮೂಲೆ ಖಾಲಿಯಿದೆ ಎಂದು ನೋಡಿದರೆ ಸಾಕಲ್ಲ.

ಹಾಳೆಗೆ ನಾಲ್ಕು ಮೂಲೆ. ಎರಡು ಗೆರೆಗಳು ಕೂಡುವ ಮೂಲೆಯಲ್ಲಿ ಎರಡೂ ಕಡಿಮೆ. ಅದಕ್ಕೆ ನಾನು ಬಡವರ ಮೂಲೆ ಎಂದು ಹೆಸರಿಟ್ಟೆ. ಅದರ ಎದುರಿನ ಮೂಲೆಯಲ್ಲಿ ಎರಡೂ ಹೆಚ್ಚು, ಅದು ಸಾಹುಕಾರರ ಮೂಲೆ. ಉಳಿದ ಎರಡು ಮೂಲೆಗಳಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ. ಬಿಸಿಲು ಮಜ್ಜಿಗೆಯ ಹಾಳೆಯಲ್ಲಿ ಬಡವರ ಮೂಲೆ, ಸಾಹುಕಾರರ ಮೂಲೆ ಎರಡೂ ತುಂಬಿವೆ, ಉಳಿದೆರಡು ಖಾಲಿ. ಎರಡೂ ಕೂಡಿ ಬಾಳುವ ಸಂಬಂಧ, ಪಾಸಿಟಿವ್. ಬಿಸಿಲು ಚಹಾದ ಹಾಳೆ ತೆಗೆದೆ. ಬಿಸಿಲೂ ಇಲ್ಲದ, ಚಹಾವೂ ಇಲ್ಲದ ದಿನ ಎಂಥದು? ಅಂಥ ದಿನವೇ ಇಲ್ಲ. ಬಡವರ ಮೂಲೆ ಖಾಲಿ. ಬಿಸಿಲೂ ಚಹಾವೂ ಎರಡೂ ಮಿತಿಮೀರಿದ ದಿನವೂ ಇಲ್ಲ. ಸಾಹುಕಾರರ ಮೂಲೆಯೂ ಖಾಲಿ. ಚುಕ್ಕೆಗಳೆಲ್ಲ ಉಳಿದೆರಡು ಮೂಲೆಗಳ ನಡುವೆ ಸೇರಿವೆ. ಒಂದಿದ್ದರೆ ಒಂದಿಲ್ಲ, ನೆಗೆಟಿವ್. ನಾಲ್ಕೂ ಮೂಲೆಯಲ್ಲಿ ಜನ ಕೂತಿದ್ದರೆ ಸಂಬಂಧವೇ ಇಲ್ಲ.

ಎಡವೂ ಬೇಡ, ಬಲವೂ ಬೇಡ. ಹಾಳೆಯನ್ನು ತಲೆಕೆಳಗು ಮಾಡಿ ನೋಡಿದೆ. ಅಡ್ಡ ತಿರುಗಿಸಿದೆ. ಗೋಡೆಗೆ ಅಂಟಿಸಿ ದೂರದಿಂದ ನೋಡಿದೆ. ಗೆರೆಗಳು ಕೂಡುವ ಮೂಲೆಯನ್ನು ಹುಡುಕಿ, ಅಲ್ಲಿ ಎರಡರ ಸಂಖ್ಯೆಯೂ ಕಡಿಮೆಯೇ ಎಂದು ಖಾತ್ರಿ ಮಾಡಿಕೊಂಡು, ಅಂಗೈ ಇಟ್ಟು ಕೇಳುತ್ತಿದ್ದೆ: ಇಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್, ಆಮೇಲೆ ಉಳಿದ ಮೂಲೆಗಳನ್ನು ನೋಡಿ ಖಚಿತ ಮಾಡಿಕೊಳ್ಳುವುದು. ಪುಸ್ತಕದ ಪುಟಗಳನ್ನು ಅವಸರವಾಗಿ ಮಗುಚಿ ಮಗುಚಿ ಹೀಗೆಯೇ ಕೇಳಿದೆ. ಒಂದೂ ತಿರುಗಲಿಲ್ಲ. ಅವ್ವ ಸೋಸಿದ ಸೊಪ್ಪು ಬೆಂದು ಪಲ್ಯವಾಗಿ ತಣ್ಣಗಾದರೂ ನಾನು ಎದ್ದಿರಲಿಲ್ಲ.

ಸೋಮವಾರ ಸಾಹೇಬರ ಕ್ಯಾಬಿನ್ನಿನಲ್ಲಿ ಕೂತೆ. ಅವರು ಹಾಳೆಗಳನ್ನು ಒಂದಾದ ಮೇಲೆ ಒಂದು ಮುಂದಿಟ್ಟರು. ಪ್ರತಿ ಹಾಳೆ ಬಂದಾಗಲೂ ನನ್ನ ಅಂಗೈ ಗೆರೆಗಳು ಕೂಡುವ ಮೂಲೆಗೆ ಹೋಗುತ್ತಿತ್ತು. ಅವರು ಅದನ್ನು ನೋಡುತ್ತಲೇ ಮುಂದಿನ ಹಾಳೆ ಇಡುತ್ತಿದ್ದರು. ನನ್ನ ಅಂಗೈ ಬೆವೆತು ಹಾಳೆಯ ಮೇಲೆ ಗುರುತು ಬೀಳುತ್ತಿತ್ತು. ಪಾಸಿಟಿವ್. ನೆಗೆಟಿವ್. ನೆಗೆಟಿವ್. ಏನೂ ಇಲ್ಲ.

ಒಂದು ಹಾಳೆ ನನ್ನನ್ನು ಹಿಡಿದು ನಿಲ್ಲಿಸಿತು. ಬಡವರ ಮೂಲೆಯಲ್ಲಿ ಒಂದಿಷ್ಟು ಮಂದಿ, ಸಾಹುಕಾರರ ಮೂಲೆಯಲ್ಲಿ ಒಂದಿಷ್ಟು ಮಂದಿ, ಆದರೆ ಉಳಿದೆರಡೂ ಪೂರ್ತಿ ಖಾಲಿಯಲ್ಲ. ಮೊದಲಿನ ನಾನಾಗಿದ್ದರೆ ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿಬಿಡುತ್ತಿದ್ದೆ. ಆ ಬಾಯಿಯನ್ನು ತಡೆದು ಹಿಡಿಯುವುದು ಚುಕ್ಕೆ ಓದುವುದಕ್ಕಿಂತ ಕಷ್ಟವಾಯಿತು. ಕೊನೆಗೆ, "ಪಾಸಿಟಿವ್ ಕಡೆಗೆ ವಾಲಿದೆ ಸರ್, ಆದರೆ ಆಣೆ ಮಾಡಿ ಹೇಳುವಷ್ಟಿಲ್ಲ. ಇನ್ನಷ್ಟು ಮಾತ್ರೆ ತೂಗಬೇಕು" ಎಂದೆ.

ಸಾಹೇಬರು ಆ ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು, "ನಾಳೆಯಿಂದ ಒಳಗೆ ಬಾ. ಸ್ವಲ್ಪ ದಿನ ಇನ್ನೊಬ್ಬರ ಜೊತೆ ಕೂರಬೇಕು" ಎಂದರು. ಅಷ್ಟೇ. ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ಗೆಳತಿ ಓಡಿಬಂದು ನನ್ನ ಮುಖ ನೋಡಿ, "ಹೋಗ್ಲಿ ಬಿಡು, ಎದಿಗ್ ಹಚ್ಕೋಬ್ಯಾಡ" ಎಂದು ಬೆನ್ನು ಸವರಿದಳು. "ಏ ಹುಚ್ಚಿ, ಪಾಸಾಗೀನಿ!" ಎಂದು ಅವಳನ್ನೇ ಬೈದೆ.

ಜೊತೆಗೆ ಕೂರುವ ದಿನಗಳು ಮುಗಿದು, ಮೇಜು ನನ್ನೊಬ್ಬಳದಾಗಿ ಸ್ವಲ್ಪ ಕಾಲವಾಗಿತ್ತು. ಒಂದು ಮಧ್ಯಾಹ್ನ ಮಾತ್ರೆಗಳು ಹಗುರವಾಗಿ ಬರಲು ಶುರುವಾದವು. ಮಿತಿಯೊಳಗೇ ಇದ್ದವು, ಆದರೆ ಕೆಳಗಿನ ಅಂಚಿಗೆ ಸರಿಯುತ್ತಿದ್ದವು. ಅಂದು ಮಾಲು ಬೇಗ ಹೋಗಬೇಕಿತ್ತು, ಯಂತ್ರದ ವೇಗವನ್ನು ಬೆಳಗಿನಿಂದ ಹಂತ ಹಂತವಾಗಿ ಏರಿಸಿದ್ದರು. ಶಿಫ್ಟ್ ಇನ್‌ಚಾರ್ಜ್ ಬಂದು ನೋಡಿ, ಪುಡಿ ಸರಿಯಾಗಿ ಇಳಿಯುತ್ತಿಲ್ಲ, ವೇಗ ಇನ್ನೂ ಏರಿಸಿದರೆ ಪುಡಿ ತಳ್ಳಿಕೊಂಡು ಬಂದು ತೂಕ ಸರಿಹೋಗುತ್ತದೆ ಎಂದರು. ಹಳೆಯ ಅನುಭವಸ್ಥರು, ಹಾಗೆ ಆಗುವುದನ್ನು ಬೇರೆ ಯಂತ್ರದಲ್ಲಿ ಕಂಡವರು. ಮಾತು ಸುಳ್ಳೆನ್ನುವಂತಿರಲಿಲ್ಲ.

ನಾನು ಬೆಳಗಿನಿಂದ ತೂಗಿದ್ದನ್ನೆಲ್ಲ ಹಾಳೆಯ ಮೇಲೆ ಇಟ್ಟೆ. ಅಡ್ಡಗೆರೆಗೆ ವೇಗ, ಉದ್ದಗೆರೆಗೆ ತೂಕ. ಅಂಗೈ ಇಟ್ಟೆ. ಬಡವರ ಮೂಲೆಯಲ್ಲಿ ಯಾರೂ ಇಲ್ಲ. ಸಾಹುಕಾರರ ಮೂಲೆಯಲ್ಲಿ ಯಾರೂ ಇಲ್ಲ. ವೇಗ ಹೆಚ್ಚಿದ ಕಡೆಯೆಲ್ಲ ತೂಕ ಕಡಿಮೆ. ಏರಿಸಿದರೆ ಮಾತ್ರೆ ಇನ್ನೂ ಹಗುರಾಗುತ್ತದೆ.

"ವೇಗ ಇಳಿಸಬೇಕು ಸರ್" ಅಂದೆ. "ಮೊದಲು ನಿಲ್ಲಿಸಿ."

ಇನ್‌ಚಾರ್ಜ್ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. "ಮೀರು ಉಲ್ಟಾ ಕದಾ, ಅಮ್ಮಾ?" ಎಂದರು. ನೀವು ಆ ಉಲ್ಟಾ ಅಲ್ಲವೇ ಎಂದು. ಗೇಲಿ ಮಾಡಲು ಕೇಳಿದ್ದಲ್ಲ. ನಿಜವಾಗಿ ಹೆದರಿಯೇ ಕೇಳಿದ್ದು. ನಾನು ತಿರುಗುಮುರುಗು ಓದಿದ್ದರೆ, ನನ್ನ ಮಾತು ಕೇಳಿ ವೇಗ ಇಳಿಸಿದರೆ, ಮಾತ್ರೆಗಳೆಲ್ಲ ಮಿತಿಯ ಕೆಳಗೆ ಹೋಗಿ ಇಡೀ ಮಾಲು ಹಾಳು. ಒಂದು ಗಳಿಗೆ, ಸಾಹೇಬರನ್ನು ಕರೆಯಿರಿ ಎಂದುಬಿಡೋಣ ಅನ್ನಿಸಿತು. ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಚುಕ್ಕೆಗಳು ಕೂತಲ್ಲೇ ಕೂತಿದ್ದವು.

"ಹೌದು ಸರ್, ಅದೇ ಉಲ್ಟಾ ನಾನು" ಅಂದೆ. "ನಿಲ್ಲಿಸಿ."

ಅವರು ಗುಂಡಿ ಒತ್ತಿದರು. ಅಷ್ಟು ದೊಡ್ಡ ಯಂತ್ರ ಗೊರಗೊರ ಅನ್ನುತ್ತ ನಿಧಾನವಾಗಿ, ಕೊನೆಗೆ ಪೂರ್ತಿಯಾಗಿ ನಿಂತಿತು. ಪುಡಿ ಒರೆಸಿ, ವೇಗ ಇಳಿಸಿ ಮತ್ತೆ ಚಾಲೂ ಮಾಡಿದರು. ಮೊದಲ ಹಿಡಿ ಮಾತ್ರೆಗಳನ್ನು ತೂಗಿದೆ. ತೂಕ ಮೇಲೆ ಬಂದಿತ್ತು. ಎರಡನೇ ಹಿಡಿ ಇನ್ನೂ ಸರಿಯಾಗಿತ್ತು. ಇನ್‌ಚಾರ್ಜ್ ತಾವೇ ಒಂದು ಹಿಡಿ ತೂಗಿ, ತಲೆಯಾಡಿಸಿ, ಯಂತ್ರ ನಿಂತದ್ದಕ್ಕೆ ಕಾರಣ ಬರೆಯುವ ಪುಸ್ತಕವನ್ನು ತೆರೆದರು. ನಿಲ್ಲಿಸಲು ಹೇಳಿದವರು ಎಂಬ ಜಾಗಕ್ಕೆ ಬಂದಾಗ ಪೆನ್ನು ತಡೆಯಿತು. ಪ್ಯಾಕಿಂಗ್ ಹಾಲಿನಿಂದ ಬಂದ ನಾವೆಲ್ಲ ಅವರಿಗೆ ಅಂದಿನವರೆಗೂ ಬರೀ 'ಅಮ್ಮಾ'.

"ಮೀ ಪೂರ್ತಿ ಪೇರು ಚೆಪ್ಪಂಡಿ" ಎಂದರು. ನಿಮ್ಮ ಪೂರ್ತಿ ಹೆಸರು ಹೇಳಿ ಎಂದು.

ನನ್ನ ಹೆಸರು, ನನ್ನಪ್ಪನ ಹೆಸರು, ನಮ್ಮೂರಿನ ಹೆಸರು ಮೂರನ್ನೂ ಸೇರಿಸಿ, ಅವರು ಬರೆಯುವುದನ್ನು ನೋಡುತ್ತ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಹೇಳಿದೆ.